ಹೊಸ್ತಿಲಿಗೆ ಒಂದು ಮೊಳ

ಏಳು ವರ್ಷ ನಾನು ಮಾತಾಡಿದ್ದು ಕುರಿಗಳ ಜೊತೆ, ಇಲ್ಲವೇ ಚೋರೊ ಎಂಬ ನನ್ನ ನಾಯಿಯ ಜೊತೆ. ದಕ್ಷಿಣದ ಬಯಲಿನಲ್ಲಿ ಒಂಟಿ ಕುರಿಗಾಹಿಗೆ ಸಿಗುವುದು ಒಂದು ಕೋಣೆ, ಒಂದು ಒಲೆ, ಒಂದು ರೇಡಿಯೊ, ಮತ್ತೆ ತಿಂಗಳಿಗೊಮ್ಮೆ ಹಿಟ್ಟು ತರುವ ಲಾರಿ. ಚೋರೊನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ದಿನ ಹಳೇ ಪಿಕಪ್ ಓಡಿಸಿ, ವಾಹನ ಸಾಗಿಸುವ ದೋಣಿಯಲ್ಲಿ ಕಡಲು ದಾಟಿ ನಮ್ಮ ಚಿಲೋಯೆ ದ್ವೀಪ ಮುಟ್ಟಿದ ಕೂಡಲೇ ಗಾಡಿ ನಿಲ್ಲಿಸಿ ಮೂಗು ಹೊರಗಿಟ್ಟೆ. ಒದ್ದೆ ಮರ, ಒಲೆಯ ಹೊಗೆ, ಕಡಲ ಇಳಿತದ ಕೆಸರು. ಅಮ್ಮನ ಉಣ್ಣೆ ಶಾಲಿಗೂ ಇದೇ ವಾಸನೆ ಇತ್ತು.

ನಾವು ಓದಿದ ಶಾಲೆಗೆ ಯಾರೋ ಹಳದಿ ಬಳಿದು ಕೆಡಿಸಿದ್ದರು. ನಾನೂ ಎದುವಿನಾ ಎಂಬ ನನ್ನ ಅಕ್ಕನೂ ಚಿಪ್ಪುಮೀನು ಅಗೆಯುತ್ತಿದ್ದ ದಂಡೆ ಮಾತ್ರ ಹಾಗೇ ಇತ್ತು. ನಾನು ಅಗೆದದ್ದನ್ನು ತನ್ನ ಬುಟ್ಟಿಗೆ ಹಾಕಿಕೊಂಡು, ಮನೆಯಲ್ಲಿ ಬೈಗುಳವನ್ನಷ್ಟೇ ನನಗೆ ಬಿಡುತ್ತಿದ್ದಳು. ಒಂದೊಂದು ತಿರುವಿನಲ್ಲೂ ಇಳಿದು ನಿಂತೆ. ನಿಜ ಹೇಳಬೇಕೆಂದರೆ, ಅಕ್ಕನಿಗೆ ಮುಖ ತೋರಿಸುವುದನ್ನು ಮುಂದೂಡುತ್ತಿದ್ದೆ.

ನಮ್ಮ ಜಗಳ ಮನೆಯ ಪಾಲಿನದಲ್ಲ, ಮನೆಯ ಜಾಗದ್ದು. ಅಮ್ಮ ತೀರಿಕೊಂಡ ಮೇಲೆ ಮನೆಯಿದ್ದ ಗುಡ್ಡ ಜರಿಯತೊಡಗಿತು. ಮನೆಯನ್ನೇ ಕೊಲ್ಲಿಯ ಪಕ್ಕಕ್ಕೆ ಒಯ್ಯೋಣ ಎಂದಳು ಅಕ್ಕ. ನಮ್ಮಲ್ಲಿ ಅದೇನು ದೊಡ್ಡ ವಿಷಯವಲ್ಲ. ಮರದ ಮನೆ, ಅದರ ಕೆಳಗೆ ದಿಮ್ಮಿ ಕೊಟ್ಟು, ಎತ್ತು ಕಟ್ಟಿ, ಊರಿಗೆ ಊರೇ ಸೇರಿ ಎಳೆಯುತ್ತದೆ. ಕೂಲಿ ಇಲ್ಲ, ಹೊಟ್ಟೆ ತುಂಬ ಊಟ. ಮಿಂಗಾ ಎನ್ನುತ್ತೇವೆ. ಆದರೆ ನಾನು, "ಅಮ್ಮ ಕಣ್ಣು ಮುಚ್ಚಿದ ಜಾಗದಿಂದ ಮನೇನ ಒಂದು ಮೊಳ ಅಲ್ಲಾಡಿಸಿದ್ರೂ ನಾನು ನಿನ್ನ ತಮ್ಮನೇ ಅಲ್ಲ" ಎಂದು ಹೊರಟುಬಿಟ್ಟೆ.

ನಾಲ್ಕನೇ ವರ್ಷ, ಒಂಟಿ ಜನರಿಗೆ ಸಂದೇಶ ಓದುವ ಹೊತ್ತಿನಲ್ಲಿ, ರೇಡಿಯೊದಲ್ಲಿ ನನ್ನ ಹೆಸರು ಬಂತು. "ಲಿಂದೋರ್ ಕಾರ್ಕಮೊಗೆ, ಅಕ್ಕನಿಂದ. ಮುಂದಿನ ತಿಂಗಳ ಎರಡನೇ ಶನಿವಾರ ಮನೆ ಎಳೀತೀವಿ. ಬಾ." ಇಡೀ ದಕ್ಷಿಣವೇ ಕೇಳಿಸಿಕೊಂಡಿತು. ನಾನು ರೇಡಿಯೊ ಆರಿಸಿದೆ. ಆಮೇಲೆ ಮೂರು ವರ್ಷ ಆ 'ಬಾ' ಮಾತ್ರ ಆರಲಿಲ್ಲ.

ಹಳೆಯ ಜಾಗದಲ್ಲಿ ಉಳಿದದ್ದು ಒಂದು ಸೇಬಿನ ಮರ, ಕೊಳೆತ ನಾಲ್ಕು ಕಂಬ. ಅಡುಗೆಮನೆ ಇದ್ದಲ್ಲಿ ಹೋಗಿ ನಿಂತೆ. ಹಿತ್ತಿಲು ಅರ್ಧಕ್ಕರ್ಧ ಕೆಳಗೆ ಜಾರಿ ಹೋಗಿತ್ತು. ಅಕ್ಕ ಹೇಳಿದ್ದೇ ಸರಿ. ಅಮ್ಮನ ಒಲೆ ಯಾವ ಕಡೆಗಿತ್ತು ಎಂಬುದೂ ನೆನಪಾಗಲಿಲ್ಲ.

ಬೇಲಿಯಾಚೆಯಿಂದ ಪಕ್ಕದ ಹೊಲದ ಮುದುಕ ರೆಮಿಹಿಯೊ ಇಣುಕಿದ.

"ಯಾರದು, ಲಿಂದೋರನಾ? ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕೋಕ್ ಬಂದ್ಯೇನಪ್ಪಾ?"

"ಮನೆ ಕೆಳಗೆ ಸೇರ್ತಾ, ದೋನ್ ರೆಮಿಹಿಯೊ?"

"ಸೇರ್ತು, ಪೂರ್ತಿ ಸೇರ್ಲಿಲ್ಲ. ಅರವತ್ತು ಜನ, ಹತ್ತು ಜೊತೆ ಎತ್ತು, ಎಲ್ರೂ ಸೋತು ಸುಣ್ಣ ಆಗಿದ್ವಿ. ಇನ್ನೊಂದೇ ಒಂದು ಮೊಳ ಇತ್ತು ನೋಡು, 'ಸಾಕು, ನಿಲ್ಸಿ' ಅಂದ್ಲು ನಿಮ್ಮಕ್ಕ. 'ಇದು ಲಿಂದೋರ ಎಳೀಬೇಕಾದ್ದು' ಅಂದ್ಲು. ಇವತ್ತಿಗೂ ದಿಮ್ಮಿ ತೆಗೆಯೋಕೆ ಬಿಟ್ಟಿಲ್ಲ ಮಾರಾಯ. ತಲೆ ಕೆಟ್ಟಿದೆ ಅಂತ ಊರೆಲ್ಲ ಆಡ್ಕೊಳ್ತು."

ಒಂದು ಮೊಳ. ಅಂದು ನನ್ನ ಬಾಯಿಂದ ಬಂದ ಅಳತೆಯೇ ಅದು.

ಕೆಳಗೆ ಕೊಲ್ಲಿಯ ಪಕ್ಕ ಅದೇ ಮನೆ, ಅದೇ ಹಸಿರು ಬಾಗಿಲು. ಮುಂದೆ ಕಟ್ಟಿದ್ದ ಮೆಟ್ಟಿಲಿಗೂ ಹೊಸ್ತಿಲಿಗೂ ನಡುವೆ ಒಂದು ಮೊಳ ಸಂದು. ಅಕ್ಕ ಆಲೂಗಡ್ಡೆ ಬುಟ್ಟಿ ಹೊತ್ತು ಹೊರಗೆ ಬಂದಳು. ಕೆಳಗೆ ನೋಡದೆಯೇ ಉದ್ದಕ್ಕೆ ಕಾಲು ಹಾಕಿ ಆ ಸಂದು ದಾಟಿದಳು. ಕೂದಲು ಪೂರ್ತಿ ನೆರೆತಿತ್ತು.

"ರೇಡಿಯೊ ಕೆಟ್ಟಿತ್ತಾ?" ಎಂದಳು.

"ಇಲ್ಲ ಅಕ್ಕ. ಕೇಳಿಸ್ತು."

ಬುಟ್ಟಿ ಇಳಿಸಿದಳು. "ಸುಳ್ಳು ಹೇಳಿದ್ದಿದ್ರೆ ಇವತ್ತು ನಿನ್ನ ನಾಯಿ ಒಂದೇ ಒಳಗೆ ಬರ್ತಿತ್ತು."

"ತಪ್ಪಾಯ್ತು ಅಕ್ಕ." ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

"ಅಳೋದೆಲ್ಲ ಆಮೇಲೆ. ಇಲ್ಲಿ ಎಳೆದೋರಿಗೆ ಮಾತ್ರ ಊಟ."

ಅಷ್ಟರಲ್ಲಿ ರೆಮಿಹಿಯೊ ಊರಿಗೆಲ್ಲ ಡಂಗುರ ಹೊಡೆದಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಆರು ಜೊತೆ ಎತ್ತು ಬಂದವು. ನನ್ನನ್ನು ನೋಡಿ ನಗಲೆಂದೇ ಒಂದಿಷ್ಟು ಜನವೂ ಬಂದರು. ಹಗ್ಗದ ತುದಿಯನ್ನು ಅಕ್ಕ ನನ್ನ ಕೈಗೆ ಕೊಟ್ಟಳು. ಕುರಿ ಹಿಡಿದು ಒರಟಾದ ಅಂಗೈಯೂ ಸುಲಿದುಹೋಯಿತು. ಮನೆ ನರಳಿತು, ಒಮ್ಮೆ ಜಗ್ಗಿತು, ಬಂದು ಮೆಟ್ಟಿಲಿಗೆ ಕೂತಿತು. ಜನ ಕೇಕೆ ಹಾಕಿದರು.

"ತಟ್ಟೆ ತರ್ತೀನಿ" ಎಂದು ಅಕ್ಕ ಮೆಟ್ಟಿಲು ಹತ್ತಿದಳು. ಮೂರು ವರ್ಷದ ರೂಢಿ. ಇಲ್ಲದ ಸಂದನ್ನು ದಾಟಲು ಉದ್ದಕ್ಕೆ ಕಾಲು ಹಾಕಿ ಮುಗ್ಗರಿಸಿದಳು. ನಾನು ಓಡಿಹೋಗಿ ತೋಳು ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ.