ಹುರಿ ಬಿಚ್ಚಿದ ಬಾತು

ಆಲ್ಗೊಟ್ ಟೋಪಿ ತೆಗೆದು, "ಸಾಕಾಗುವಷ್ಟು ಕೊಡು ತಂದೆಯೇ," ಎಂದು ಬಾಯೊಳಗೇ ಹೇಳಿಕೊಂಡು, ಮತ್ತೆ ಟೋಪಿ ಹಾಕಿ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡ. ದೋಣಿಯ ಮುಂದೆ ಹಕ್ಕಿಗಳನ್ನು ಸೆಳೆಯಲೆಂದು ಹುರಿ ಕಟ್ಟಿ ತೇಲಿಬಿಟ್ಟ ಮರದ ಬಾತುಗಳು ಏಳುತ್ತ ಬೀಳುತ್ತ ಕಡಲಬಾತುಗಳ ದಾರಿ ಕಾಯುತ್ತಿದ್ದವು. ಕೆತ್ತಿದವನು ಅವನು, ಬಣ್ಣ ಬಳಿದವಳು ಹೆಂಡತಿ ಹಿಲ್ಮಾ. ಪ್ರತಿ ವಸಂತಕ್ಕೂ ಹೊಸ ಬಣ್ಣ ಬಳಿಯುತ್ತಿದ್ದಳು. ಈ ಸಲ ಅವಳಿರಲಿಲ್ಲ. ಹೋದ ವರ್ಷದ ಬಣ್ಣವೇ ಉಳಿದಿತ್ತು.

"ಭಾವ, ಬೆಳಗ್ಗೆ ಕಾಫಿಗೆ ಉಪ್ಪು ಹಾಕ್ಕೊಂಡ್ರಿ. ಇನ್ನು ಬಾತು ಹೊಡೀತೀರಾ?" ಎಂದ ಹುಟ್ಟು ಹಿಡಿದಿದ್ದ ರೂನಾರ್. ಅವನು ಹಿಲ್ಮಾಳ ತಮ್ಮ.

"ಉಪ್ಪು ತಿಂದೋನಿಗೆ ಕಡಲು ಹತ್ರ ಕಣೋ. ಸುಮ್ನೆ ಕೂತ್ಕೋ."

ರೂನಾರ್ ನಗಲಿಲ್ಲ. ಚಳಿಗಾಲದಿಂದ ಭಾವನ ಕಣ್ಣು ಮಂಜಾಗಿದ್ದನ್ನು ಅವನು ಬಲ್ಲ. ತನ್ನ ಮರದ ಬಾತಿಗೆ ತಾನೇ ಗುಂಡು ಹೊಡೆದವನು ಬಂದೂಕು ಬಿಟ್ಟು ಹುಟ್ಟು ಹಿಡಿಯಬೇಕು, ಮತ್ತೆಂದೂ ಬಂದೂಕು ಮುಟ್ಟಬಾರದು: ಅದು ದ್ವೀಪದ ಕಟ್ಟಳೆ. ಹಾಗೆ ಬಿಟ್ಟವರು ಬಂದೂಕಿನ ಮಾತನ್ನೇ ಆಡುತ್ತಿರಲಿಲ್ಲ.

ಗಾಳಿ ಬಲವಾಯಿತು. ಎಡಗಡೆ ಅಲೆಯ ಮೇಲೆ ಒಂಟಿ ಗಂಡು ಬಾತು, ಬೆನ್ನು ಬೆಳ್ಳಗೆ, ಎದೆಯುಬ್ಬಿಸಿ ತೇಲುತ್ತಿತ್ತು. ಆಲ್ಗೊಟ್ ಉಸಿರು ಹಿಡಿದು ಗುರಿಯಿಟ್ಟ. ರೂನಾರ್ ಕತ್ತು ತಿರುಗಿಸಿ "ಭಾವ!" ಎನ್ನುವಷ್ಟರಲ್ಲಿ ಗುಂಡು ಹಾರಿತ್ತು.

ಹಕ್ಕಿ ಮಗುಚಲಿಲ್ಲ. ಒಂದು ಕಡೆಗೆ ವಾಲಿ ಹಾಗೇ ತೇಲಿತು. ಅದರ ಕೆಳಗೆ ಬಿಚ್ಚಿಕೊಂಡ ಹುರಿ ನೀರಲ್ಲಿ ಜೋಲಾಡುತ್ತಿತ್ತು.

ರೂನಾರ್ ಅದನ್ನು ಎತ್ತಿ ದೋಣಿಯೊಳಗಿಟ್ಟ. ಎದೆಯಲ್ಲಿ ಸೀಸದ ಸಣ್ಣ ಗುಂಡುಗಳ ತೂತುಗಳು. ಕೆನ್ನೆಯ ತಿಳಿಹಸಿರು ಮಾತ್ರ ಕೆಟ್ಟಿರಲಿಲ್ಲ.

"ಗಂಟು ನಾನೇ ಸಡಿಲ ಹಾಕಿದ್ದೆ ಭಾವ. ತಪ್ಪು ನಂದು. ನಾವಿಬ್ರೇ ಇರೋದು, ಯಾರಿಗೂ ಗೊತ್ತಾಗಲ್ಲ."

ಆಲ್ಗೊಟ್ ಆ ಹಸಿರನ್ನು ಹೆಬ್ಬೆರಳಿನಿಂದ ಸವರಿದ. "ನಿಮ್ಮಕ್ಕ ಅಷ್ಟು ಚೆನ್ನಾಗಿ ಬಳಿದಿದ್ಲು ಕಣೋ," ಎಂದ. ಆಮೇಲೆ ತಡೆದು, "ಅಲ್ಲ, ತಪ್ಪು ನನ್ನ ಕಣ್ಣಿಂದೇ. ಏಳು, ಜಾಗ ಬಿಡು."

ದೋಣಿ ತೂಗದಂತೆ ಬಗ್ಗಿ, ಒಬ್ಬರ ಭುಜ ಒಬ್ಬರು ಹಿಡಿದು ಜಾಗ ಬದಲಿಸಿದರು. ಬಂದೂಕು ರೂನಾರನ ಕೈಗೆ ಹೋಯಿತು. ಆಲ್ಗೊಟ್ ಹುಟ್ಟು ಹಿಡಿದು, ಅವನಿಗೆ ಬೆನ್ನು ಮಾಡಿ ಕುಳಿತ.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ರೆಕ್ಕೆಗಳ ಸದ್ದು ದಟ್ಟವಾಗಿ ಬಂತು. ಅವನು ತಿರುಗಲಿಲ್ಲ. ಕಾಲಬಳಿ ಮರದ ಬಾತಿನ ತೂತುಗಳಿಂದ ಕಡಲು ಹನಿಹನಿಯಾಗಿ ಇಳಿಯುತ್ತಿತ್ತು. ಬೂಟಿನ ತುದಿಯಿಂದ ಮೆಲ್ಲಗೆ ತಳ್ಳಿ, ನೀರಿನ ಮೇಲೆ ಬಾತುಗಳು ಕೂರುವ ಹಾಗೆ ಅದರ ಮುಖವನ್ನು ಗಾಳಿಯ ಕಡೆ ಮಾಡಿದ.