ಪೂವಪ್ಪನವರ ಅಡುಗೆಮನೆಯ ಶೂ

ನೋವಿಲ್ಲದ ಗಾಯಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ? ಚೆಂಬೂರಿನಲ್ಲಿ ಚಿಕ್ಕ ಹೋಟೆಲ್ ನಡೆಸುವ ಉಡುಪಿ ಕಡೆಯ ಪೂವಪ್ಪನವರೂ ಕೆಡಿಸಿಕೊಳ್ಳಲಿಲ್ಲ. ದೋಸೆ ಕಾವಲಿಯ ಮುಂದೆ ನಿಂತಾಗ ಅಂಗಾಲಿಗೆ ಏನೋ ಬಿಸಿ ತಗುಲಿ ಗುಳ್ಳೆ ಎದ್ದಿತ್ತು. ಅವರಿಗೆ ಅದು ತಿಳಿಯಲೇ ಇಲ್ಲ. ಹೆಂಡತಿ ವಿನೋದಿನಿಗೆ ತಿಳಿದದ್ದು ನೆಲದ ಮೇಲೆ ಕೀವಿನ ಕಲೆ ಕಂಡಾಗ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಹೆಬ್ಬೆರಳ ಬುಡ ಕಪ್ಪಾಗತೊಡಗಿತ್ತು.

"ಸಕ್ಕರೆ ಕಾಯಿಲೆಯ ಕಾಲು ಇದು. ಈ ಸಲ ಬೆರಳು ಉಳಿಯಿತು. ಇನ್ನೊಮ್ಮೆ ಹೀಗಾದರೆ ತೆಗೆಯಬೇಕಾದೀತು" ಎಂದರು ಡಾಕ್ಟರು.

ಅದೇ ವಾರ್ಡಿಗೆ ಕಲಿಯಲು ಬಂದವಳು ಶಬ್ರೀನ. ಮಲಾಡ್‌ನ ಹುಡುಗಿ, ನರ್ಸಿಂಗ್ ವಿದ್ಯಾರ್ಥಿನಿ. ಅಪ್ಪ ವಿಜಯಪುರ ಕಡೆಯವರು, ಟೇಲರ್. ಕನ್ನಡ ಬರುತ್ತದೆಂದು ಪೂವಪ್ಪನವರ ಬೆಡ್ಡು ಅವಳ ಪಾಲಿಗೆ ಬಂತು. ಅವರನ್ನು ನೋಡಿಕೊಂಡರಷ್ಟೇ ಸಾಲದು, ಅವರಿಗಾಗಿ ಒಂದು ಕೇರ್ ಪ್ಲ್ಯಾನ್ ಬರೆಯಬೇಕು. ರೋಗಿಯ ತೊಂದರೆ ಏನು, ನರ್ಸ್ ಏನು ಮಾಡಬೇಕು, ಮಾಡಿದ್ದು ಫಲ ಕೊಟ್ಟಿತೇ, ಎಲ್ಲವೂ ಅದರಲ್ಲಿ ಬರಬೇಕು.

ಶಬ್ರೀನ ತೊಂದರೆ ಎಂಬಲ್ಲಿ ‘ಸಕ್ಕರೆ ಕಾಯಿಲೆ’ ಎಂದು ಬರೆದು ಧೈರ್ಯವಾಗಿ ಶೈಲಾ ಮೇಡಂ ಮುಂದಿಟ್ಟಳು. ಕಲಿಸುವ ಈ ಮೇಡಂ ಬೆಳಗಾವಿಯವರು, ಮಾತು ಸ್ವಲ್ಪ ಖಾರ.

"ಇದನ್ನ ಡಾಕ್ಟರ್ ಆಗ್ಲೇ ಬರದಾರಲ್ಲ? ಬ್ಯಾನಿ ಯಾವುದು ಅಂತ ಅವರು ಕಂಡಹಿಡದ್ರು. ಆ ಬ್ಯಾನಿ ಇಟಗೊಂಡು ಈ ಮನಷ್ಯಾ ಹೆಂಗ ಬದುಕಬೇಕು, ಎಲ್ಲಿ ತ್ರಾಸ ಆಗ್ತೈತಿ, ಅದು ನಿನಗ ಕಾಣಬೇಕು. ಹೋಗು, ಮದಲ ಅವರನ್ನ ನೋಡು."

ಹುಡುಗಿಯ ಮುಖ ಸಣ್ಣದಾಯಿತು. ಆದರೂ ಹೋದಳು.

"ಕಾಕಾ, ಕಣ್ಣ ಮುಚ್ಚರಿ. ಗಾಯ ಬಿಟ್ಟು ಬ್ಯಾರೆ ಕಡೆ ಹತ್ತಿಲೆ ಮುಟ್ಟತೀನಿ. ಗೊತ್ತಾದ್ರ ಹೂಂ ಅನ್ರಿ."

ಪೂವಪ್ಪ ನಕ್ಕರು. "ಡಾಕ್ಟ್ರು ಎಲ್ಲ ನೋಡಿ ಆಯ್ತು ಮಾರಾಯ್ತಿ. ಇನ್ನು ನಿಂದೆಂತ ಆಟ? ಆಯ್ತು, ಮುಟ್ಟು."

ಕಣ್ಣು ಮುಚ್ಚಿ ಕೂತರು. ಸ್ವಲ್ಪ ಹೊತ್ತಾಯಿತು.

"ಯಾವಾಗ ಮುಟ್ಟೂದು ಮಗಾ? ನಿದ್ದೆ ಬರ್ತಾ ಉಂಟು."

ಪಕ್ಕದಲ್ಲಿ ನಿಂತಿದ್ದ ವಿನೋದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅವಳು ಆಗಳಿಂದ ಮುಟ್ತಾ ಇದ್ದಾಳೆ ಮಾರಾಯ್ರೇ!"

ಪೂವಪ್ಪ ಕಣ್ಣು ಬಿಟ್ಟು ತಮ್ಮ ಕಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದರು. ನಗು ಎಲ್ಲಿ ಹೋಯಿತೋ.

ಶಬ್ರೀನ ಈಗ ಬರೆದಳು: ‘ಅಂಗಾಲಿಗೆ ಸ್ಪರ್ಶ ತಿಳಿಯುವುದಿಲ್ಲ, ಆದ್ದರಿಂದ ಗಾಯವಾಗುವ ಅಪಾಯ.’ ಭಲೇ ಹುಡುಗಿ! ಆದರೆ ಅದರ ಕೆಳಗೆ ‘ಯಾವಾಗಲೂ ಪಾದರಕ್ಷೆ ಧರಿಸಲು ತಿಳಿಸುವುದು’ ಎಂದು ಪುಸ್ತಕದ ಸಾಲನ್ನೇ ಇಳಿಸಿದಳು. ಹೋಗಿ ತಿಳಿಸಿಯೂ ಬಂದಳು. ಪೂವಪ್ಪ "ಆಯ್ತಾಯ್ತು" ಎಂದರು.

ಮರುದಿನ ಬೆಳಿಗ್ಗೆ ನೋಡಿದರೆ, ಪೂವಪ್ಪ ಗೋಡೆ ಹಿಡಿದು ಬರಿಗಾಲಲ್ಲಿ ಬರುತ್ತಿದ್ದಾರೆ. ಚಪ್ಪಲಿ ವಾರ್ಡಿನ ಬಾಗಿಲಲ್ಲೇ ಇದೆ! ಬೇರೆಯವರಾಗಿದ್ದರೆ ಹೇಳಿದ ಮಾತು ಕೇಳುವುದಿಲ್ಲ ಎಂದು ಗೊಣಗಿ ಮುಂದಿನ ಬೆಡ್ಡಿಗೆ ಹೋಗುತ್ತಿದ್ದರು. ನಮ್ಮ ಶಬ್ರೀನ ಸ್ಟೂಲ್ ಎಳೆದುಕೊಂಡು ಕೂತಳು.

"ಯಾಕ್ರಿ ಕಾಕಾ, ಚಪ್ಪಲಿ ಅಲ್ಲೇ ಬಿಟ್ರಿ?"

ಪೂವಪ್ಪ ಬೆಡ್ಡಿನ ಪಕ್ಕ ಇಟ್ಟಿದ್ದ ದೇವಿಯ ಚಿಕ್ಕ ಪಟದ ಕಡೆ ನೋಡಿದರು. "ದೇವರೆದುರು ಚಪ್ಪಲಿ ಹಾಕೂದು ಹೇಗೆ ಮಗಾ? ಹೋಟೆಲಲ್ಲಿಯೂ ಒಲೆ ಹತ್ರ ಪಟ ಉಂಟು. ಅನ್ನ ಬೇಯುವ ಜಾಗ ಅದು. ನನ್ನಪ್ಪನೂ ಅಲ್ಲಿ ಚಪ್ಪಲಿ ಮೆಟ್ಟಿದವರಲ್ಲ. ಬೆರಳು ಹೋದ್ರೆ ಹೋಗ್ಲಿ, ಅದೊಂದು ನನ್ನಿಂದ ಆಗ್ಲಿಕ್ಕಿಲ್ಲ."

"ಬೆರಳು ಹೋದ್ಮೇಲೆ ಕಾವಲಿ ಮುಂದೆ ನಿಲ್ಲೂದು ಯಾರು?" ಎಂದರು ವಿನೋದಿನಿ.

ಶಬ್ರೀನ ವಾದಕ್ಕೆ ಇಳಿಯಲಿಲ್ಲ. ದರ್ಗಾದ ಹೊಸ್ತಿಲಲ್ಲಿ ತನ್ನ ಅಪ್ಪ ಚಪ್ಪಲಿ ಬಿಡುವುದನ್ನು ಚಿಕ್ಕಂದಿನಿಂದ ನೋಡಿದವಳು ಅವಳು.

"ಹೊಲಸು ತುಳದದ್ದು ಒಳಗ ಬರಬಾರದು, ಹೌದಲ್ರಿ?"

"ಮತ್ತೆ?"

"ಹಂಗಾರ ಹೊರಗ ಕಾಲಿಡದ ಶೂ ಆದ್ರ? ಹೊಸಾದು ತರೂದು. ಒಲಿ ಮುಂದಷ್ಟ ಹಾಕ್ಕೊಳ್ಳೂದು. ಕೆಲಸ ಮುಗದ ಮ್ಯಾಲ ತೊಳದು ಅಲ್ಲೇ ಇಡೂದು."

ಪೂವಪ್ಪ ಪಟವನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. "ಅಂದ್ರೆ ಅಡುಗೆಮನೆ ಪಾತ್ರೆ ಇದ್ದ ಹಾಗೆ?"

"ಹಂಗ ನೋಡ್ರಿ ಕಾಕಾ!"

"ಹಾಗಾದ್ರೆ ದೇವಿ ಬೇಡ ಹೇಳ್ಲಿಕ್ಕಿಲ್ಲ."

ಶಬ್ರೀನ ಪುಸ್ತಕದ ಸಾಲು ಹೊಡೆದುಹಾಕಿ ಹೊಸದಾಗಿ ಬರೆದಳು. ಗಾಯ ಮಾಗಿ ಡಾಕ್ಟರು ಒಪ್ಪಿದ ಮೇಲೆ ಅಡುಗೆಮನೆಗೆಂದೇ ಬಿಗಿಯಿಲ್ಲದ, ಮುಚ್ಚಿದ ಮೆತ್ತನೆಯ ಶೂ. ಹಾಕುವ ಮೊದಲು ಒಳಗೆ ಕೈಯಾಡಿಸುವುದು. ದಿನಾ ಬೆಳಿಗ್ಗೆ ವಿನೋದಿನಿ ಅಂಗಾಲು, ಬೆರಳ ಸಂದು ನೋಡುವುದು. ಸಣ್ಣ ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಬರುವುದು. ಇಷ್ಟನ್ನೂ ಗಂಡಹೆಂಡಿರ ಬಾಯಿಂದಲೇ ತಿರುಗಿ ಹೇಳಿಸಿದಳು.

ಶೈಲಾ ಮೇಡಂ ಓದಿ ಕನ್ನಡಕ ತೆಗೆದರು. "ನಿನ್ನಿ ಬರದದ್ದು ಪುಸ್ತಕದ್ದಿತ್ತವಾ. ಇದು ಪೂವಪ್ಪಾರದ್ದು." ಅವರ ಬಾಯಿಂದ ಇಂಥ ಮಾತು ಸುಲಭಕ್ಕೆ ಬರುವುದಿಲ್ಲ.

ಗಾಯ ಮಾಗಿತು. ಮನೆಗೆ ಹೋಗಿ ಕೆಲಸ ಶುರುಮಾಡಿದ ಮೇಲೆ ಒಮ್ಮೆ ವಿನೋದಿನಿಯೊಂದಿಗೆ ತಪಾಸಣೆಗೆ ಬಂದ ಪೂವಪ್ಪ ಚೀಲದಿಂದ ಶೂ ತೆಗೆದು ಶಬ್ರೀನಳ ಮುಂದೆ ಮಗುಚಿ ಹಿಡಿದರು. ಅಡಿಯಲ್ಲಿ ಗಾಜಿನ ಚೂರೊಂದು ನೆಟ್ಟಿತ್ತು.

"ಸೋಡಾ ಬಾಟ್ಲಿ ಒಡ್ದಿತ್ತು. ತುಳಿದದ್ದು ನಂಗೆ ಗೊತ್ತೇ ಇಲ್ಲ. ತೊಳೀವಾಗ ಇವಳಿಗೆ ಕಂಡದ್ದು."

ಶಬ್ರೀನ ಕೂಡಲೇ ಅವರ ಕಾಲೆತ್ತಿ ನೋಡಿದಳು. ಗೀರೂ ಇರಲಿಲ್ಲ. ಆಮೇಲೆ ನೆನಪಾಗಿ ನಕ್ಕಳು. "ಅಯ್ಯ ಕಾಕಾ, ಶೂ ಹೊರಗ ತಂದ್ರಲ್ಲ!"

"ಇದಿನ್ನು ಒಳಗೆ ಹೋಗ್ಲಿಕ್ಕಿಲ್ಲ. ಹೊಸದು ತಂದಾಯ್ತು. ನಿಂಗೆ ತೋರಿಸದೆ ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಮಗಾ."

ಕೇರ್ ಪ್ಲ್ಯಾನಿನಲ್ಲಿ ಫಲಿತಾಂಶ ಬರೆಯುವ ಜಾಗ ಇನ್ನೂ ಖಾಲಿ ಇತ್ತು. ಕಣ್ಣೊರೆಸಿಕೊಂಡು ಶಬ್ರೀನ ಅಲ್ಲಿ ಬರೆದಳು: ‘ಹೊಸ ಗಾಯವಿಲ್ಲ.’

ಅಕ್ಕಂದಿರೇ, ಅಣ್ಣಂದಿರೇ, ಸಿಸ್ಟರ್ ಒಬ್ಬರು ನಿಮ್ಮ ಹತ್ತಿರ ಕೂತು ಕೇಳಿದರೆ, ಅವರು ಕಲಿಯುವ ಹುಡುಗಿಯೇ ಆಗಿರಲಿ, "ಆಯ್ತಾಯ್ತು" ಎಂದು ಸಾಗಹಾಕಬೇಡಿ. ನಿಮ್ಮಿಂದ ಆಗದ್ದನ್ನು ಆಗದು ಎನ್ನಿ, ಯಾಕೆ ಆಗದೆಂದೂ ಹೇಳಿ. ದಾರಿ ಅಲ್ಲಿಂದಲೇ ಸಿಗುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ "ಕಾಲು ನೋಯುತ್ತಾ?" ಎಂದು ಕೇಳಿ ಸುಮ್ಮನಾಗಬೇಡಿ. ಇವತ್ತೇ ಅವರ ಕಾಲೆತ್ತಿ ನಿಮ್ಮ ಕಣ್ಣಾರೆ ನೋಡಿ.