ಮೂರನೇ ಪಿಸ್ಟನ್ನಿನ ರಿಂಗು

"ನಾನು ನಿನಗೆ ಕಾರು ಕೊಟ್ಟಿದ್ದೆ ಕಣಯ್ಯ ಸಾಬ, ನೀನು ಸೊಳ್ಳೆ ಹೊಗೆ ಹೊಡಿಯೋ ಮಿಷನ್ ಮಾಡಿ ಕೊಟ್ಟೀಯ!" ಕ್ಯಾತಪ್ಪ ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿದ. "ಮೊನ್ನೆ ಕುದಾಪುರದ ಸೈನ್ಸ್ ಕ್ಯಾಂಪಸ್ ಗೇಟಲ್ಲಿ ಸೆಕ್ಯುರಿಟಿಯವನು ಬೆಂಕಿ ಆರ್ಸೋ ಡಬ್ಬ ಹಿಡ್ಕೊಂಡು ಓಡಿ ಬಂದ. ಒಳಗೆ ಕುಂತಿದ್ದ ಮೇಡಮ್ಮು ಇಳಿದು ನಡ್ಕೊಂಡೇ ಹೋದ್ರು. ಇನ್ನು ಈ ಗಾಡಿ ತರಬ್ಯಾಡ ಅಂದವ್ರೆ."

"ಮೊದ್ಲು ಬಾನೆಟ್ ಮ್ಯಾಲಿಂದ ಕೈ ತೆಗಿ," ಎಂದ ನಬೀ ಸಾಬ್. "ಹೋಗಿರೋದು ಟರ್ಬೊ. ಇಂಜಿನ್ನಿಗೆ ಗಾಳಿ ತುರುಕೋ ಪಂಕ ಅದು. ಅದರ ಸೀಲು ಹರಿದು ಆಯಿಲ್ ಒಳಕ್ಕೆ ಹೋಗಿ ಸುಡ್ತೈತೆ. ಹನ್ನೆರಡು ವರ್ಷದ ಗಾಡಿ, ಟರ್ಬೊ ಹೋಗದೆ ಇನ್ನೇನು ಹೋಗ್ತೈತೆ?"

"ನೀನು ಕಟ್ಟಿದ ಇಂಜಿನ್ನೇ ಹೋಗೈತೆ!"

"ನಾನು ಕಟ್ಟಿದ ಇಂಜಿನ್ ಹೋಗಲ್ಲ ಕಣಲೇ!"

ಇದು ಬರೀ ಜಂಬದ ಮಾತಾಗಿರಲಿಲ್ಲ. ಚಳ್ಳಕೆರೆಯಿಂದ ರಾಂಪುರದವರೆಗೆ ಹಳೇ ಗಾಡಿ ಮಾರುವವರು ಹೇಳುತ್ತಿದ್ದುದೇ ಹಾಗೆ: ನಬೀ ಸಾಬ್ ಕಟ್ಟಿದ ಇಂಜಿನ್ನು, ಕಣ್ಣು ಮುಚ್ಚಿ ತಗೊಳ್ಳಿ. ಚಳ್ಳಕೆರೆಯಲ್ಲಿ ಬಳ್ಳಾರಿ ರಸ್ತೆಯ ಎಣ್ಣೆ ಮಿಲ್ಲಿನ ಪಕ್ಕದ ತಗಡಿನ ಶೆಡ್ಡಿಗೆ ಒಂದು ಬೋರ್ಡು ಕೂಡ ಇರಲಿಲ್ಲ. ಬೇಕಾಗಿರಲೂ ಇಲ್ಲ. ಆ ಮಾತೊಂದು ಹೋದರೆ ಶೆಡ್ಡಿನಲ್ಲಿ ಉಳಿಯುವುದು ಕಬ್ಬಿಣ ಮಾತ್ರ.

ಬಾಡಿಗೆ ಕಾರು ಓಡಿಸುವ ರಾಂಪುರದ ಕ್ಯಾತಪ್ಪ ಎಂಟು ತಿಂಗಳ ಹಿಂದೆ ಇದೇ ಕಾರಿನ ಇಂಜಿನ್ ಬಿಚ್ಚಿಸಿ ಹೊಸ ಪಿಸ್ಟನ್, ಅದರ ಸುತ್ತ ಕೂತು ಆಯಿಲ್ ತಡೆಯುವ ಹೊಸ ರಿಂಗು ಹಾಕಿಸಿದ್ದ. ಒಂದೇ ತಿಂಗಳಿಗೆ ನೀಲಿ ಹೊಗೆ ಶುರುವಾಯಿತು. ಪ್ರತಿ ಸಲ ಬಂದಾಗಲೂ ನಬೀ ಸಾಬ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ ಕೇಳಿ, "ರಿಂಗು ಇನ್ನೂ ಕೂತಿಲ್ಲ, ಓಡ್ಸು," ಎಂದು ಕಳಿಸುತ್ತಿದ್ದ. ಕ್ಯಾತಪ್ಪ ಡಿಕ್ಕಿಯಲ್ಲಿ ಆಯಿಲ್ ಕ್ಯಾನು ಇಟ್ಟುಕೊಂಡು ಓಡಿಸಿದ.

"ಭಾಯಿ, ಟರ್ಬೊ ಪೈಪ್ ಬಿಚ್ಚಿದೀನಿ," ಎಂದ ಜಾಕಿರ್, ಕಾರಿನ ಆ ಕಡೆಯಿಂದ. ನಬೀ ಸಾಬನ ತಮ್ಮ. ನಲವತ್ತು ದಾಟಿದ ಮನುಷ್ಯ, ಇಪ್ಪತ್ತೆರಡು ವರ್ಷದಿಂದ ಅಣ್ಣನ ಜೊತೆ ಅದೇ ಶೆಡ್ಡಿನಲ್ಲಿದ್ದ. ಪೈಪಿನೊಳಗೆ ಬೆರಳು ಆಡಿಸಿ ತೋರಿಸಿದ. ತುದಿಗೆ ತೆಳ್ಳಗೆ ಆಯಿಲ್ ಹತ್ತಿತ್ತು, ಅಷ್ಟೇ. ಟರ್ಬೊದ ಪಂಕವನ್ನು ಹಿಡಿದು ಅಲ್ಲಾಡಿಸಿದ. ಅಲ್ಲಾಡಲಿಲ್ಲ. "ಇದು ಗಟ್ಟಿ ಐತೆ."

"ನೀನೇನು ಕಂಡೀಯ?"

"ಕಂಪ್ರೆಷನ್ ನೋಡಿಬಿಡಾಣ ಭಾಯಿ. ಗೇಜು ಸುಳ್ಳು ಹೇಳಲ್ಲ."

"ನನ್ನ ಕಿವಿ ಸುಳ್ಳು ಹೇಳ್ತೈತೇನು?"

"ಹಾಕಯ್ಯ ಗೇಜು," ಎಂದ ಕ್ಯಾತಪ್ಪ. "ನಿಮ್ಮಣ್ಣನ ಕಿವೀನ ನಂಬಿ ನಾನು ಎಂಟು ತಿಂಗಳು ಓಡ್ಸಿದೀನಿ."

ಜಾಕಿರ್ ಗಾಳಿಯ ಒತ್ತಡ ಅಳೆಯುವ ಗೇಜನ್ನು ಒಂದೊಂದೇ ಸಿಲಿಂಡರಿಗೆ ಕೂರಿಸಿ ಕ್ಯಾತಪ್ಪನಿಗೆ ಕೀ ತಿರುಗಿಸಲು ಹೇಳಿದ. ಮೊದಲನೆಯದು ಇಪ್ಪತ್ತೆಂಟು ತೋರಿಸಿತು. ಎರಡನೆಯದು ಇಪ್ಪತ್ತೇಳು. ಮೂರನೆಯದಕ್ಕೆ ಮುಳ್ಳು ಎರಡು ಸಲ ಕುಪ್ಪಳಿಸಿ ಹದಿನೇಳಕ್ಕೆ ನಿಂತುಬಿಟ್ಟಿತು. ನಬೀ ಸಾಬ್ ಬಗ್ಗಿ ನೋಡಿ ಹೂಂ ಎಂದ. ಅವನಿಗೆ ಮುಳ್ಳು ಕಂಡಿರಲಿಲ್ಲ. ಕಂಡದ್ದು ಗೇಜಿನ ಅಂಚು ಮಾತ್ರ. ನಡುವೆ ನೀರು ಬಿದ್ದ ಕಾಗದದ ಹಾಗೆ ಒಂದು ಮಸುಕು. ಒಂದು ವರ್ಷದಿಂದ ಅವನು ನೋಡಿದ್ದೆಲ್ಲದರ ನಡುವೆ ಆ ಮಸುಕು ಇತ್ತು. ಕನ್ನಡಕದಿಂದ ಸರಿಹೋಗುವ ಕಾಯಿಲೆ ಅಲ್ಲ ಇದು ಎಂದು ಕಣ್ಣಿನ ಡಾಕ್ಟರು ಹೇಳಿದ್ದನ್ನು ಅವನು ಹೆಂಡತಿ ಜಹೀರಾಗೂ ಹೇಳಿರಲಿಲ್ಲ.

ನಾಲ್ಕನೆಯದು ಇಪ್ಪತ್ತೇಳು ತೋರಿಸಿತು. ಜಾಕಿರ್ ಮೂರನೇ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದ. ಮುಳ್ಳು ಇಪ್ಪತ್ತೈದಕ್ಕೆ ಹಾರಿತು.

"ಅಂದ್ರೆ?" ಕ್ಯಾತಪ್ಪ ಕೇಳಿದ.

ಜಾಕಿರ್ ಅಣ್ಣನ ಮುಖ ನೋಡಿದ. "ರಿಂಗಿನ ಸಂದು ಆಯಿಲ್ಲಿಂದ ಮುಚ್ಕೊಂತು, ಅದಕ್ಕೆ ಏರ್ತು," ಎಂದ ಜಾಕಿರ್ ಮೆಲ್ಲಗೆ. "ತೊಂದರೆ ರಿಂಗಲ್ಲೇ ಐತೆ."

ಇಂಜಿನ್ ಬಿಚ್ಚಲು ಆ ದಿನವೂ ಮರುದಿನದ ಮಧ್ಯಾಹ್ನದವರೆಗೂ ಹಿಡಿಯಿತು. ಕ್ಯಾತಪ್ಪ ರಾಂಪುರಕ್ಕೆ ಹೋಗಿ ಬೆಳಗಿನ ಮೊದಲ ಬಸ್ಸಿಗೆ ವಾಪಸು ಬಂದು ಬೆಂಚಿನ ಮೇಲೆ ಕೂತ. ಮೂರನೇ ಪಿಸ್ಟನ್ ಹೊರಬಂದಾಗ ಅದರ ತಲೆ ರೊಟ್ಟಿ ಹಂಚಿನಂತೆ ಕಪ್ಪಾಗಿತ್ತು. ಮೇಲಿನ ರಿಂಗು ಮಸಿಯಲ್ಲಿ ಸಿಕ್ಕಿಕೊಂಡು ಜಡವಾಗಿತ್ತು. ಜಾಕಿರ್ ಎರಡನೇ ರಿಂಗನ್ನು ಬಿಡಿಸಿ, ಡೀಸೆಲ್ಲಿನಲ್ಲಿ ಅದ್ದಿ ಒರೆಸಿದ. ರಿಂಗಿನ ಒಂದು ಮುಖದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ ಕೆತ್ತಿರುತ್ತದೆ. ಆ ಮುಖ ಮೇಲೆ ಬರಬೇಕು. ಶೆಡ್ಡಿಗೆ ಬಂದ ಮೊದಲ ವಾರ, ಅದನ್ನು ತಪ್ಪಿಸಿದ್ದಕ್ಕೆ ಅಣ್ಣ ಅವನ ಕೆನ್ನೆಗೆ ಬಾರಿಸಿದ್ದ.

ಅಕ್ಷರ ಕೆಳಮುಖವಾಗಿತ್ತು. ಎಂಟು ತಿಂಗಳು ಆ ರಿಂಗು ಆಯಿಲನ್ನು ಕೆಳಗೆ ಕೆರೆಯುವ ಬದಲು ಮೇಲಕ್ಕೇ ಎತ್ತಿ ಸುಟ್ಟಿತ್ತು.

ಜಾಕಿರ್ ಅದನ್ನು ಬಟ್ಟೆಯಲ್ಲಿ ಸುತ್ತಲು ಹೋದ. ಕ್ಯಾತಪ್ಪ ಎದ್ದು ಬಂದ. "ಏನದು? ನನಗೂ ತೋರ್ಸು."

"ಉಲ್ಟಾ ಹಾಕೈತೆ," ಎಂದ ಜಾಕಿರ್.

"ಯಾರು ಹಾಕಿದ್ದು?"

ಅಣ್ಣ ತಮ್ಮಂದಿರು ತಮ್ಮತಮ್ಮಲ್ಲಿ ಮಾತಾಡುವುದು ಉರ್ದುವಿನಲ್ಲಿ. ಗಿರಾಕಿಗೆ ಕೇಳಿಸಬೇಕಾದ್ದು ಮಾತ್ರ ಕನ್ನಡದಲ್ಲಿ. ನಬೀ ಸಾಬ್ ತಮ್ಮನ ಕಡೆ ತಿರುಗಿ ಕನ್ನಡದಲ್ಲೇ ಕೂಗಿದ.

"ಏನೋ ಇದು? ಇಪ್ಪತ್ತೆರಡು ವರ್ಷ ಆಯ್ತು, ಒಂದು ರಿಂಗು ಹಾಕಾಕೆ ಬರಲ್ವಾ ನಿನಗೆ? ಎಮ್ಮೆ ಕಾಯೋಕೋಗು! ನನ್ನ ಹೆಸರು ಮಣ್ಣಾಗ ಹಾಕಿಬಿಟ್ಯಲ್ಲೋ!"

ಜಾಕಿರನ ಕೈಯಲ್ಲಿ ರಿಂಗು ಹಾಗೇ ಇತ್ತು. ಅವನು ಉತ್ತರ ಕೊಟ್ಟದ್ದು ಉರ್ದುವಿನಲ್ಲಿ, ಕ್ಯಾತಪ್ಪನಿಗೆ ತಿಳಿಯದಷ್ಟು ವೇಗವಾಗಿ, ತಗ್ಗಿದ ದನಿಯಲ್ಲಿ. "ಭಾಯಿ, ನಾನು ಕೂರಿಸಿದ್ದು ಮೊದಲಿನ ಎರಡು. ಅಷ್ಟರಲ್ಲಿ ಫೋನು ಬಂತು. ಉಳಿದೆರಡು ಹಾಕುವ ಹೊತ್ತಿಗೆ ನಾನು ಬಳ್ಳಾರಿ ಆಸ್ಪತ್ರೆಯಲ್ಲಿದ್ದೆ. ಇರ್ಫಾನಾಳ ಆಪರೇಷನ್. ಬಸ್ಸು ಹತ್ತಿಸಿದ್ದು ನೀನೇ."

ತಮ್ಮನ ಹೆಂಡತಿಯ ಆಪರೇಷನ್ನು ನಬೀ ಸಾಬನಿಗೆ ನೆನಪಿತ್ತು. ಆ ಸಂಜೆ ಒಬ್ಬನೇ ಕೂತು ಉಗುರಿನಿಂದ ತಡವಿ ತಡವಿ ರಿಂಗು ಹಾಕಿದ್ದೂ ನೆನಪಿತ್ತು. ನಾನೇ ಹಾಕಿದ್ದು ಎಂಬ ಒಂದು ಮಾತು ಸಾಕಿತ್ತು. ಕ್ಯಾತಪ್ಪ ಎದುರಿಗೇ ನಿಂತಿದ್ದ.

"ಎದುರು ಮಾತಾಡ್ತೀಯಾ?" ಎಂದ ನಬೀ ಸಾಬ್, ಮತ್ತೆ ಕನ್ನಡದಲ್ಲೇ. "ತಪ್ಪು ಒಪ್ಕೋ!"

ಜಾಕಿರ್ ರಿಂಗನ್ನು ಬಟ್ಟೆಯ ಮೇಲೆ ಇಟ್ಟ. ಸೋಪಿನ ಪುಡಿಯಿಂದ ಮೊಣಕೈವರೆಗೆ ಕೈ ತೊಳೆದ. ಬೋಲ್ಟು ಬಿಚ್ಚುವ ಹನ್ನೆರಡು ನಂಬರಿನ ಪಾನನ್ನು ಒರೆಸಿ ಹಲಗೆಯ ಮೊಳೆಗೆ ನೇತುಹಾಕಿದ. ಅಂಗಿ ತೊಟ್ಟುಕೊಂಡು ಗುಂಡಿ ಹಾಕುತ್ತಲೇ ಹೊರಗೆ ಹೋದ.

"ಚಾಕ್ಕೆ ಹೋದ್ನಾ?" ಎಂದ ಕ್ಯಾತಪ್ಪ.

"ಬರ್ತಾನೆ," ಎಂದ ನಬೀ ಸಾಬ್.

ಸಂಜೆಯಾದರೂ ಬರಲಿಲ್ಲ. ಮರುದಿನವೂ ಬರಲಿಲ್ಲ, ಫೋನು ಎತ್ತಲಿಲ್ಲ. ಜಹೀರಾ ಮೈದುನನ ಮನೆಗೆ ಹೋಗಿ ಬಂದಳು. ಇರ್ಫಾನಾ ಅರ್ಧ ಬಾಗಿಲು ತೆರೆದು "ಮನೇಲಿಲ್ಲ" ಎಂದಳಂತೆ. ಅವನ ಚಪ್ಪಲಿ ಹೊಸ್ತಿಲ ಹತ್ತಿರವೇ ಇತ್ತಂತೆ. "ಏನಂದ್ರಿ ಅವನಿಗೆ?" ಎಂದು ಜಹೀರಾ ಕೇಳಿದಳು. ನಬೀ ಸಾಬ್ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದ.

ನಾಲ್ಕನೇ ದಿನ ದಾವಣಗೆರೆ ಬಸ್ಸಿನಲ್ಲಿ ಹೊಸ ರಿಂಗುಗಳ ಪೊಟ್ಟಣ ಬಂತು. ಅದರ ಹಿಂದೆಯೇ ಕ್ಯಾತಪ್ಪನೂ ಬಂದ. "ಕುದಾಪುರದವರಿಗೆ ಸೋಮವಾರ ತರ್ತೀನಿ ಅಂದೀನಿ ಸಾಬ್ರೆ. ಹೊಗೆ ಬರದಿದ್ರೆ ಒಳಗೆ ಬಿಡ್ತಾರಂತೆ. ಈ ಸಲ ಜಾಕಿರ್ ಕೈಲಿ ಮುಟ್ಟಿಸಬ್ಯಾಡ್ರಿ. ನೀವೇ ಹಾಕ್ರಿ."

ನಬೀ ಸಾಬ್ ಪೊಟ್ಟಣ ಹರಿದ. ಎಣ್ಣೆ ಹಚ್ಚಿದ ಹೊಸ ರಿಂಗು ಬೆರಳಿಗೆ ತಣ್ಣಗೆ ತಾಗಿತು. ಉಗುರಿನಿಂದ ಒಂದು ಮುಖವನ್ನು ಪೂರ್ತಿ ಸವರಿದ. ತಿರುಗಿಸಿ ಇನ್ನೊಂದನ್ನು ಸವರಿದ. ಎರಡೂ ಒಂದೇ ನುಣುಪು. ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದ. ಕತ್ತು ಓರೆ ಮಾಡಿ ಕಣ್ಣಂಚಿನಿಂದ ನೋಡಿದ. ಹೊಳಪು ಕಂಡಿತು, ಅಷ್ಟೇ. "ಜಾಕಿರ್," ಎಂದು ಕರೆದುಬಿಟ್ಟ.

"ಇನ್ನೆಷ್ಟೊತ್ತು ಸಾಬ್ರೆ?" ಎಂದ ಕ್ಯಾತಪ್ಪ ಬೆಂಚಿನಿಂದ.

ನಬೀ ಸಾಬ್ ಬೆಂಚಿನ ಹತ್ತಿರ ಹೋಗಿ ರಿಂಗು ಹಿಡಿದ ಕೈ ಚಾಚಿದ. "ಕ್ಯಾತಪ್ಪ. ಇದರ ಮ್ಯಾಲೆ ಒಂದು ಅಕ್ಷರ ಇರ್ತೈತೆ. ಯಾವ ಕಡೆ ಐತೆ, ನೋಡಿ ಹೇಳು."

ಕ್ಯಾತಪ್ಪ ತಮಾಷೆ ಎಂದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿದ. ಚಾಚಿದ ಕೈಯನ್ನು ನೋಡಿದ, ನಬೀ ಸಾಬನ ಕಣ್ಣುಗಳನ್ನು ನೋಡಿದ. ಆ ಕಣ್ಣುಗಳು ಅವನ ಕಿವಿಯ ಪಕ್ಕ ಎಲ್ಲೋ ನೆಟ್ಟಿದ್ದವು. ರಿಂಗು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದು ತಿರುಗಿಸಿದ.

"ಇಲ್ಲೈತೆ," ಎಂದು ಆ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದು ಕೊಟ್ಟ.

ನಬೀ ಸಾಬ್ ಅವನ ಬೆರಳಿದ್ದ ಜಾಗಕ್ಕೇ ತನ್ನ ಹೆಬ್ಬೆರಳು ಇಟ್ಟ. ಅದನ್ನು ಸಡಿಲಿಸದೆ, ತುಂಬಿದ ಲೋಟ ಹಿಡಿದವನ ಹಾಗೆ, ನೇತುಹಾಕಿದ ಪಾನುಗಳ ಹಲಗೆಯನ್ನು ದಾಟಿ ಇಂಜಿನ್ನಿನ ಕಡೆ ನಡೆದ.